ಕಳ್ಳಿಗೂ ಕಾಕಾಗೂ ಒನ್ ಬೈ ಟೂ

ಕಳ್ಳಿಗಿಡಕ್ಕೆ ನೀರು ಹಾಕುವ ಮೊದಲು "ಕುಡೀತೀರೇನ್ರಿ?" ಎಂದು ಬಹುವಚನದಲ್ಲಿ ವಿಚಾರಿಸುವ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನೋಡಿರಲಾರಿರಿ. ಇಡೀ ಹೈದರಾಬಾದಿನಲ್ಲಿ ಅಂಥವರು ಇದ್ದದ್ದು ಒಬ್ಬರೇ, ಅವರು ನಮ್ಮ ಕಾಕಾ! ಹೆಂಡತಿಯನ್ನು 'ಏ ಇಕಿ' ಎಂದೂ, ನನ್ನನ್ನು 'ಏ ಹುಡುಗಿ' ಎಂದೂ, ಮಂತ್ರಿಗಳನ್ನು ಅದಕ್ಕಿಂತಲೂ ಕಡಿಮೆ ಮರ್ಯಾದೆಯಲ್ಲೂ ಕರೆಯುತ್ತಿದ್ದ ಕಾಕಾ, ಕಳ್ಳಿಗೆ ಮಾತ್ರ ಪರಿಚಯವಾದ ಮೇಲೆ ಒಂದು ದಿನವೂ ಏಕವಚನ ಬಳಸಿದವರಲ್ಲ. "ಮೈತುಂಬ ಮುಳ್ಳ ಅದಾವ ಅವರಿಗೆ. ಮರ್ಯಾದಿ ಕೊಟ್ಟು ಇರೂದು ಚಲೋ" ಎನ್ನುತ್ತಿದ್ದರು.

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಹರೆಯದಲ್ಲೇ ಸಿಂಧನೂರಿನ ಕಡೆಯಿಂದ ಬಂದು, ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ, ಅದರ ಹಿಂದಿನ ಗಲ್ಲಿಯಲ್ಲೇ ಮನೆ ಮಾಡಿ, ಅಲ್ಲೇ ರಿಟೈರ್ ಆದವರು. ನನಗೆ ಮಾದಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಾಗ, ಮಕ್ಕಳಿಲ್ಲದ ಕಾಕಾ-ಕಾಕು ನನ್ನನ್ನು ಹಾಸ್ಟೆಲ್ಲಿಗೆ ಬಿಡಲಿಲ್ಲ. ಆ ಕಾಲ ಹೇಗಿತ್ತೆಂದರೆ, ಬೆಳಿಗ್ಗೆ ಬರೀ ಬಂಡೆಗಲ್ಲಿದ್ದ ಜಾಗದಲ್ಲಿ ಸಂಜೆ ಬಸ್ಸಿನಿಂದ ನೋಡಿದರೆ ಗಾಜಿನ ಕಟ್ಟಡ ಎದ್ದಿರುತ್ತಿತ್ತು! ಕಂಪ್ಯೂಟರುಗಳು ಇನ್ನೂ ಹಳೇ ಟಿವಿಯಷ್ಟು ದಪ್ಪ. ಅವುಗಳಿಂದ ಏನೋ ಕೆಟ್ಟ ಕಿರಣ ಬರುತ್ತದೆ, ಕಳ್ಳಿಗಿಡ ಅದನ್ನು ಹೀರಿಕೊಳ್ಳುತ್ತದೆ ಎಂದು ಯಾರೋ ಇಮೇಲ್ ಕಳಿಸಿದ್ದೇ ತಡ, ಮಂಗಳೂರಿನವರು, ಮೈಸೂರಿನವರು, ವಿಜಯವಾಡದವರು ಎನ್ನದೆ ಎಲ್ಲರ ಮೇಜಿನ ಮೇಲೂ ಒಂದೊಂದು ಕಳ್ಳಿ! ನನ್ನದು ಕಿರಣವನ್ನು ಹೀರಿತೋ ಬಿಟ್ಟಿತೋ, ಎಸಿಯ ಚಳಿಗೆ ಸೊರಗಿ ಹಳದಿಯಾಯಿತು. ಪಾಪ ಅನ್ನಿಸಿ ಮನೆಗೆ ತಂದೆ.

ಕಾಕಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ಏನ್ ಮಾಡತೈತಿ?"

"ಏನೂ ಮಾಡಂಗಿಲ್ಲ ಕಾಕಾ. ಸುಮ್ನ ಕೂಡತೈತಿ."

"ಕೆಲಸ ಮಾಡಂಗಿಲ್ಲ, ಎಸಿಯಾಗ ಕೂಡತೈತಿ, ಮುಟ್ಟಿದ್ರ ಚುಚ್ಚತೈತಿ. ಹಂಗಾರ ಇವರು ಮ್ಯಾನೇಜರ್!"

ಹೀಗೆ ಮ್ಯಾನೇಜರ್ ಸಾಹೇಬರು ನಮ್ಮ ಬಾಲ್ಕನಿಯಲ್ಲಿ ಅಧಿಕಾರ ವಹಿಸಿಕೊಂಡರು.

ಅದೇ ವಾರ ಆಸ್ಪತ್ರೆಯಿಂದ ಕಾಕಾನ ರಿಪೋರ್ಟು ಬಂತು. ಅದನ್ನು ಅವರು ಓಣಿಗೆಲ್ಲ ಸಾರಿದ್ದು ಹೀಗೆ: "ನನ್ನ ಎರಡೂ ಕಿಡ್ನಿ ವಿ.ಆರ್.ಎಸ್. ತಗೊಂಡಾವ!" ನಾವು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಡಾಕ್ಟರು ಇಡೀ ದಿನಕ್ಕೆ ಒಂದು ಸಣ್ಣ ಬಾಟಲಿ ನೀರು ಗೊತ್ತು ಮಾಡಿದ್ದರು. ಅದರ ಮೇಲೆ ಕುಡಿದರೆ ಕಾಲು ಬಾಯುತ್ತದೆ, ಆಮೇಲೆ ಉಸಿರಿಗೇ ಕುತ್ತು. ಇದು ಯಾರಿಗೆ? ತಂಬಿಗೆಯನ್ನು ತಲೆಯ ಮೇಲೆತ್ತಿ, ತುಟಿಗೆ ತಾಗಿಸದೆ, ಒಂದೇ ಉಸಿರಿನಲ್ಲಿ ಖಾಲಿ ಮಾಡುತ್ತಿದ್ದ ಕಾಕಾಗೆ! ಉಪ್ಪಲ್‌ನ ಬೋರಿನ ನೀರು ಯಾವುದು, ಪಟಾನ್‌ಚೆರು ಬಸ್‌ಸ್ಟ್ಯಾಂಡಿನ ಮಣ್ಣಿನ ಹರವಿಯ ನೀರು ಯಾವುದು ಎಂದು ಕಣ್ಣು ಮುಚ್ಚಿ ಹೇಳಬಲ್ಲ ನಾಲಗೆ ಅವರದು.

ಅಂದು ಸಂಜೆ ನಾನು ಕಳ್ಳಿ ಸಾಕುವ ಕ್ರಮ ಹೇಳುತ್ತಿದ್ದೆ. ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು ಹಾಕಬೇಕು, ಕುಂಡದ ತಳಕ್ಕೆ ತೂತಿರಬೇಕು, ಉಸುಕು ಬೆರೆತ ಮಣ್ಣಿರಬೇಕು, ಪ್ರೀತಿ ಹೆಚ್ಚಾಗಿ ನೀರು ಸುರಿದರೆ ಬುಡ ಕೊಳೆತು ಸಾಯುತ್ತದೆ ಅಂತೆಲ್ಲ. ಕಾಕಾ ಎದ್ದು ಕುಳಿತರು. "ಏ ಹುಡುಗಿ, ಡಾಕ್ಟರ್ ನನಗ ಹೇಳಿದ್ದೂ ಇದ ಅಲ್ಲಾ!"

ಅಂದಿನಿಂದ ಅವರಿಬ್ಬರದೂ ಒಂದೇ ಪಥ್ಯ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ, ಎದುರಿಗೆ ಒಬ್ಬರು ಕೂತಿರುವಾಗ ಅವರನ್ನು ಕೇಳದೆ ಒಂದು ಗುಟುಕು ಚಹಾ ಗಂಟಲಿಗಿಳಿಯುವುದಿಲ್ಲ. ಇರುವುದು ಒಂದೇ ಕಪ್ಪಾದರೆ ಬಸಿಗೆ ಸುರಿದು ಒನ್ ಬೈ ಟೂ. ಕಾಕಾ ತಮ್ಮ ಬಾಟಲಿ ಹಿಡಿದು ಸಾಹೇಬರ ಮುಂದೆ ಕೂರುವರು. "ಕುಡೀತೀರೇನ್ರಿ?" ಉತ್ತರವಿಲ್ಲ. "ಬ್ಯಾಡಂತ" ಎಂದು ತಾವೂ ತುಟಿ ಒದ್ದೆ ಮಾಡಿಕೊಂಡು ಮುಚ್ಚಳ ಹಾಕುವರು. ಮಣ್ಣು ಬಿರಿಯುವಷ್ಟು ಒಣಗಿದ ದಿನ ಮಾತ್ರ, ಕಾಕು ತನ್ನ ಕಿವಿಗೆ ಎಣ್ಣೆ ಬಿಟ್ಟುಕೊಳ್ಳುವ ಫಿಲ್ಲರಿನಿಂದ ಕಾಕಾ ಬುಡದ ಸುತ್ತ ನೀರು ಬಿಡುವರು. ಮಗುವಿಗೆ ಔಷಧಿ ಹಾಕುವಾಗಲೂ ಯಾರೂ ಅಷ್ಟು ಹುಷಾರಾಗಿರಲಿಕ್ಕಿಲ್ಲ.

ರಜೆಯ ಮಧ್ಯಾಹ್ನಗಳಲ್ಲಿ ನಾನು ಬಾಗಿಲ ಬಳಿ ಚಾಪೆ ಹಾಕಿ ಮಲಗಿರುತ್ತಿದ್ದೆ. ಬಿಸಿಲು ಬಿದಿರಿನ ಪರದೆಯಿಂದ ಸೋಸಿ ಬಂದು ನೆಲದ ಮೇಲೆ ಗೆರೆಗೆರೆಯಾಗಿ ಬೀಳುತ್ತಿತ್ತು. ಕಾರ್ಖಾನೆಗಳ ಸದ್ದು ಎಲ್ಲೋ ದೂರದ ಜೋಗುಳದಂತೆ ಕೇಳುತ್ತಿತ್ತು. ಆ ಹೊತ್ತಿನಲ್ಲಿ ಕಾಕಾ ಸಾಹೇಬರಿಗೆ ತಮ್ಮ ಕನಸು ಹೇಳುವರು. "ರಾತ್ರಿ ಕನಸಿನ್ಯಾಗ ಕಾಲುವಿ ಬಂದಿತ್ರಿ ಸಾಹೇಬ್ರ. ನಮ್ಮೂರ ಎಡದಂಡಿ ಕಾಲುವಿ. ಸನತ್‌ನಗರದ ರೋಡಿನ್ಯಾಗ ಹರಿಯಾಕತ್ತಿತ್ತು. ಬಸ್ಸೆಲ್ಲ ದೋಣಿ ಆಗಿದ್ವು. ನಾ ಬಗ್ಗಿ ಬೊಗಸಿ ತುಂಬಿದೆ, ಒಳಗ ಸಣ್ಣ ಮೀನಾ! ಅದಕ್ಕ ತೊಂದರಿ ಆಗಬಾರದಂತ ಬಿಟ್ಟೆ. ಕನಸಿನ್ಯಾಗೂ ಕುಡೀಲಿಲ್ಲ ನೋಡ್ರಿ." ನನಗೂ ಜೋಂಪು ಹತ್ತುತ್ತಿತ್ತು. ಅರೆನಿದ್ದೆಯಲ್ಲಿ ನನ್ನ ಚಾಪೆಯ ಅಂಚಿಗೂ ತಣ್ಣನೆಯ ನೀರು ಬಂದು ತಾಗಿದಂತಾಗುತ್ತಿತ್ತು.

ಇಷ್ಟು ನೇಮದವರು ತಪ್ಪಲೇ ಇಲ್ಲವೇ? ತಪ್ಪಿದರು! ಬೇಸಿಗೆಯಲ್ಲಿ ನಮ್ಮ ಗಲ್ಲಿಯ ಮೂಲೆಗೆ ಚಪ್ಪರ ಹಾಕಿ, ಮಡಕೆಗಳನ್ನಿಟ್ಟು, ದಾರಿಹೋಕರಿಗೆ ಪುಕ್ಕಟೆ ನೀರು ಕೊಡುತ್ತಿದ್ದರು. ಇಲ್ಲಿಯವರು ಅದಕ್ಕೆ ಚಲಿವೇಂದ್ರಂ ಅನ್ನುತ್ತಾರೆ. ಕಾಕಾ ಒಂದು ದಿನ, ಸಾಹೇಬರು ಜೊತೆಗಿದ್ದರೆ ತಮಗೆ ಬುದ್ಧಿ ಇರುತ್ತದೆಂದು, ಕುಂಡವನ್ನು ಎದೆಗವಚಿಕೊಂಡು ಆ ದಾರಿಯಲ್ಲಿ ಹೊರಟರು. ನೀರು ಕೊಡುವ ಹೆಂಗಸು ಇವರ ಅವತಾರ ನೋಡಿ, ನೀರು ಗಿಡಕ್ಕೋ ನಿಮಗೋ ಎಂದು ತೆಲುಗಿನಲ್ಲಿ ಕೇಳಿದಳು: "ಪೆದ್ದಾಯನಾ, ನೀಳ್ಳು ಚೆಟ್ಟುಕಾ, ಮೀಕಾ?"

ಆ ಮಡಕೆಯ ತಂಪು ಮುಖಕ್ಕೆ ಹೊಡೆದಿತ್ತೋ ಏನೋ, ಕಾಕಾ "ಇದ್ದರಿಕೀ!" ಎಂದುಬಿಟ್ಟರು. ಇಬ್ಬರಿಗೂ!

ಇಬ್ಬರೂ ಹೊಟ್ಟೆ ತುಂಬ ಕುಡಿದರು. ಒಂದೇ ದಿನವೂ ಅಲ್ಲ. ಕದ್ದು ಕುಡಿಯುವಾಗಲೂ ಜೊತೆಗಾರನ ಪಾಲು ತಪ್ಪಿಸುವ ಜಾತಿಯಲ್ಲ ನಮ್ಮ ಕಾಕಾ! ಆ ವಾರದಲ್ಲೇ ಅವರ ಪಾದ ಬಾತುಕೊಂಡಿತು, ಸಾಹೇಬರ ಬುಡ ಮೆತ್ತಗಾಯಿತು. ಕಾಕು ಮೊದಲು ಗಂಡನ ಪಾದವನ್ನು ಹೆಬ್ಬೆರಳಿಂದ ಒತ್ತಿ ನೋಡಿದಳು, ಗುಳಿ ಬಿತ್ತು. ಆಮೇಲೆ ಚಮಚೆಯಿಂದ ಕಳ್ಳಿಯನ್ನು ಒತ್ತಿ ನೋಡಿದಳು, ಅಲ್ಲೂ ಗುಳಿ! "ಇಬ್ಬರೂ ಕೂಡಿ ಎಲ್ಲಿ ಕುಡದು ಬಂದ್ರಿ?" ಎಂದು ಆಕೆ ಗುಡುಗಿದ್ದು ಇಡೀ ಗಲ್ಲಿಗೆ ಕೇಳಿ, ಎದುರುಮನೆಯವರು ಬೇರೇನೋ ಅರ್ಥ ಮಾಡಿಕೊಂಡರು.

ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಕಾಕಾ ಬದುಕಿ ಬಂದರು. ಸಾಹೇಬರು ಬದುಕಲಿಲ್ಲ. ಆ ಸಲ ನಮಗೆಲ್ಲ ನಿಜವಾಗಿ ಭಯವಾಗಿತ್ತು. ನಾನು ಹೊಸ ಕಳ್ಳಿ ತಂದುಕೊಟ್ಟೆ, ಜೊತೆಗೆ ಗೂಢಚಾರಿಣಿಯ ಕೆಲಸವನ್ನೂ ವಹಿಸಿಕೊಂಡೆ. ದಿನಾ ಬೆಳಿಗ್ಗೆ ಕುಂಡದಲ್ಲಿ ಬೆರಳು ತೂರಿಸಿ ನೋಡುವುದು. ಮಣ್ಣು ಒಣಗಿದ್ದರೆ ಕಾಕಾ ಕ್ಷೇಮ, ಹಸಿಯಾಗಿದ್ದರೆ ಕಾಕಾ ಕದ್ದಿದ್ದಾರೆ. ಇಷ್ಟು ಸುಲಭದ ಪರೀಕ್ಷೆ ಯಾವ ಲ್ಯಾಬಿನಲ್ಲಿತ್ತು ಹೇಳಿ?

ಮಳೆಗಾಲ ಮುಗಿಯುವವರೆಗೂ ಮಣ್ಣು ಒಣಗಿಯೇ ಇತ್ತು. ಚಳಿಗಾಲ ಬಂತು. ಚಳಿಗೆ ಕಳ್ಳಿ ನಿದ್ದೆ ಹೋಗುತ್ತದೆ, ಆಗ ನೀರನ್ನು ಹೆಚ್ಚುಕಡಿಮೆ ನಿಲ್ಲಿಸಿಯೇ ಬಿಡಬೇಕು. ಕಾಕಾ ಫಿಲ್ಲರನ್ನೂ ಎತ್ತಿಟ್ಟಿದ್ದರು. ಆದರೆ ಒಂದು ಬೆಳಿಗ್ಗೆ ಬೆರಳಿಟ್ಟರೆ ಮಣ್ಣು ಹಸಿ! ಮರುದಿನವೂ ಹಸಿ!

"ಕಾಕಾ, ಮತ್ತ ಕುಡದೀರಿ?"

ಕಾಕಾ ಕಳ್ಳಿಯನ್ನು ನೋಡಿದರು, ಅಡುಗೆಮನೆಯ ಕಡೆ ನೋಡಿದರು. "ಹೂಂ. ಕುಡದೆ" ಎಂದರು. ಇಷ್ಟು ಸಲೀಸಾಗಿ ಯಾವ ಕಳ್ಳ ಒಪ್ಪಿಕೊಳ್ಳುತ್ತಾನೆ? ಬಗ್ಗಿ ಅವರ ಪಾದ ಒತ್ತಿದೆ. ಗುಳಿ ಬೀಳಲಿಲ್ಲ. ಬಾವು ಇರಲೇ ಇಲ್ಲ. ಹಾಗಾದರೆ ಕುಂಡಕ್ಕೆ ಬಂದ ನೀರು ಯಾರ ಪಾಲಿನದು?

ಆ ಭಾನುವಾರ ಚಾಪೆಯ ಮೇಲೆ ಸುಳ್ಳು ನಿದ್ದೆ ಮಾಡಿದೆ. ಕಾಕಾ-ಕಾಕುವಿನ ಊಟವಾಯಿತು. ಕಾಕಾ ತಾವೇ ತಂಬಿಗೆಯಲ್ಲಿ ನೀರು ತುಂಬಿ ಕಾಕುವಿನ ಮುಂದಿಟ್ಟು, "ನಿನಗ ಯಾರು ಬ್ಯಾಡ ಅಂದಾರ? ನೀನರ ಹೊಟ್ಟಿ ತುಂಬ ಕುಡಿ" ಎಂದರು. "ಬಿಸಲಿಗೆ ಕುಂತು ಕುಡೀತೀನ್ರಿ" ಎಂದು ಆಕೆ ತಂಬಿಗೆಯೊಂದಿಗೆ ಬಾಲ್ಕನಿಗೆ ಬಂದಳು. ಪರದೆಯ ಮರೆಯಲ್ಲಿ ನಿಂತು, ಅಷ್ಟೂ ನೀರನ್ನು ಕುಂಡಕ್ಕೆ ಸುರಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು, ಕುಡಿದವಳ ಹಾಗೆ. ಆಕೆಯ ತುಟಿ ಒಡೆದು ಬಿರುಕು ಬಿಟ್ಟಿತ್ತು.

ನಾನು ಕಣ್ಣು ತೆರೆದದ್ದು ನೋಡಿ ಬೆಚ್ಚಿದಳು. "ಅವರ ಮುಂದ ಗುಟುಕು ಇಳಿಯಂಗಿಲ್ಲವ್ವ ನನಗ" ಎಂದಳು. "ಹೇಳಬ್ಯಾಡ."

ಹೇಳದೆ ಇರಲು ನನ್ನಿಂದಾಗಲಿಲ್ಲ. ಸಂಜೆ ಕಾಕಾಗೆ ಪಿಸುಗುಟ್ಟಿದೆ. ಅವರು ಆಶ್ಚರ್ಯಪಡಲಿಲ್ಲ. "ಗೊತ್ತೈತಿ. ಬಾಯಿ ಬಿಟ್ಟು ಕೇಳಿದ್ರ ಅಕಿಗೆ ನಾಚಿಕಿ ಆಗತೈತಿ. ಅದಕ್ಕ ನಾನ ಕುಡದೀನಿ ಅಂದೆ" ಎಂದರು. ಕುಂಡದ ಹಸಿ ಮಣ್ಣನ್ನು ಬೆರಳಿಂದ ಮುಟ್ಟಿ ನೋಡಿ, "ಹಿಂಗ ಬಿಟ್ರ ಅಕಿ ಕಿಡ್ನೀನೂ ಕೈಕೊಡತಾವ" ಎಂದರು. ಅವರ ದನಿ ನಡುಗಿದ್ದನ್ನು ನಾನು ಕೇಳಿದ್ದು ಆಗಲೇ. ತಮ್ಮ ರಿಪೋರ್ಟು ಬಂದ ದಿನವೂ ಅದು ನಡುಗಿರಲಿಲ್ಲ.

ಮರುದಿನ ನನಗೆ ರಜೆ. ಊಟ ಮುಗಿಸಿ ಕಾಕಾ ಎಂದಿನಂತೆ ತಂಬಿಗೆ ತುಂಬಿ ಕಾಕುವಿನ ಮುಂದಿಟ್ಟರು. ಆದರೆ ಆಕೆ ಏಳುವ ಮೊದಲೇ ತಾವೇ ಎದ್ದು, ನನ್ನನ್ನೂ ಕರೆದುಕೊಂಡು ಬಾಲ್ಕನಿಗೆ ಬಂದು, ಬಾಗಿಲು ಮುಂದೆ ಮಾಡಿ, ಅದಕ್ಕೆ ಬೆನ್ನು ಹಾಕಿ ನಿಂತರು. "ನಾ ಸಾಹೇಬ್ರ ಕೂಡ ಮಾತಾಡಬೇಕು. ಕರೆಯೋಮಟ ಒಳಗ ಬರಂಗಿಲ್ಲ" ಎಂದು ಜೋರಾಗಿ ಸಾರಿ, ಕೊಳೆತು ವಾಲಿದ ಕಳ್ಳಿಗೆ ಏನೇನೋ ಹೇಳತೊಡಗಿದರು.

ಬಹಳ ಹೊತ್ತಿನ ಮೇಲೆ ಒಳಗೆ ಬಳೆಗಳು ಕಿಣಿಗುಟ್ಟಿದವು. ತಂಬಿಗೆ ಎತ್ತಿದ ಸದ್ದಾಯಿತು. ಗಟ, ಗಟ, ಗಟ. ಕಾಕಾ ಮಾತು ನಿಲ್ಲಿಸಿದರು. ಕಣ್ಣು ಮುಚ್ಚಿ, ಮುಖ ಮೇಲೆತ್ತಿ, ಆ ಸದ್ದನ್ನೇ ಕೇಳುತ್ತ ನಿಂತರು. ಒಳಗಿನ ಒಂದೊಂದು ಗುಟುಕಿಗೂ ಅವರ ಗಂಟಲು ಮೇಲೆ ಕೆಳಗೆ ಆಡುತ್ತಿತ್ತು.