ಪಾಟಲಿ ಅಡವಿಟ್ಟು ತಂದ ಮಿಸ್ತ್ರಿ ಸರ್ಟಿಫಿಕೇಟು

ನಾಗಪುರದ ಲಾರಿ ಗ್ಯಾರೇಜಿನಲ್ಲಿ ನಲವತ್ತು ವರ್ಷ ಕೈ ಕಪ್ಪು ಮಾಡಿಕೊಂಡವನು ನಾನು. ಅಲ್ಲಿ ನಡೆದದ್ದನ್ನು ಈಗ ಹೇಳಿದರೆ ಕೇಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಡೆಯುವಾಗ ಮಾತ್ರ ಒಬ್ಬರ ಮುಖದಲ್ಲೂ ನಗು ಇರುತ್ತಿರಲಿಲ್ಲ. ಇಂಥವು ತಿಂಗಳಿಗೊಂದು ಆಗುತ್ತಿದ್ದವು. ನನ್ನ ಹೆಂಡತಿಯ ತಮ್ಮ ನಮ್ಮ ಮನೆಗೆ ಬಂದ ಮೇಲೆ ವಾರಕ್ಕೊಂದು.

ಪಾಟಲಿ ಕೈ ಬಿಟ್ಟದ್ದು

ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿತ್ತು. ನಾನಾಗ ಒಬ್ಬ ಸೇಠ್‌ನ ಗ್ಯಾರೇಜಿನಲ್ಲಿ ಹೆಡ್ ಮಿಸ್ತ್ರಿ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಕನ್ನಡ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಹೆಂಡತಿಯಿಂದ, ಅದೂ ಬೈಸಿಕೊಂಡು. ಆದರೆ ನನ್ನ ಕಿವಿ ಅಂದರೆ ಕಿವಿ. ಕಾಮ್ಟಿ ರಸ್ತೆಯಲ್ಲಿ ಬರುವ ಲಾರಿಯ ಸಪ್ಪಳ ಗ್ಯಾರೇಜಿನಲ್ಲಿ ಕೂತೇ ಕೇಳಿ, ಯಾವ ವಾಲ್ವು ಸಡಿಲ ಅಂತ ಹೇಳುತ್ತಿದ್ದೆ. ಗಾಳಿ ನಮ್ಮ ಕಡೆ ಇದ್ದರೆ ಡ್ರೈವರ್ ಮಧ್ಯಾಹ್ನ ಏನು ಉಂಡಿದ್ದಾನೆ ಅಂತಲೂ ಹೇಳುತ್ತಿದ್ದೆ.

ಗದಗಿನಿಂದ ಬಂದ ಹೆಂಡತಿಯ ತಮ್ಮ ಮ್ಯಾಟ್ರಿಕ್ ಪಾಸಾದವನು. ಅವನಿಗೆ ಒಂದು ಖಾಸಗಿ ಮೋಟಾರ್ ಶಾಲೆಗೆ ಸೇರಬೇಕಿತ್ತು. ಒಂದೂವರೆ ವರ್ಷದ ಕೋರ್ಸು, ಕೊನೆಗೆ ಸರ್ಟಿಫಿಕೇಟು.

"ಆ ಫೀ ಯಾಕ ಕಟ್ತೀ? ನನ್ನ ಜೋಡಿ ಬಾ. ಆರು ತಿಂಗಳದಾಗ ಬರೋಬರ್ ಮಿಸ್ತ್ರಿ ಮಾಡ್ತೀನಿ" ಅಂದೆ.

"ಕೆಲಸ ನೀವು ಕಲಿಸ್ತೀರಿ ಭಾವಾ. ಕಾಗದ ಯಾರು ಕೊಡ್ತಾರ?"

"ಕಾಗದ ಲಾರಿ ಓಡಸತೈತೇನು?"

ಅಷ್ಟರಲ್ಲಿ ನನ್ನ ಹೆಂಡತಿ ಒಳಗಿಂದ ಬಂದಳು. ಕೈಗೆ ಸಾಬೂನು ಹಚ್ಚಿಕೊಂಡು ತವರಿನ ಎರಡು ಬಂಗಾರದ ಪಾಟಲಿ ಜಗ್ಗಿ ತೆಗೆದು ತಮ್ಮನ ಮುಂದೆ ಇಟ್ಟಳು. "ಸರಾಫನ ಕಡೆ ಒತ್ತಿ ಇಡು. ಕೋರ್ಸ್ ಮುಗಿದ ವರ್ಷದ ದೀಪಾವಳಿಗೆ ಇವು ನನ್ನ ಕೈಯಾಗ ಇರಬೇಕು. ಇಲ್ಲಂದ್ರ ನಾನು ಗದಗಿಗೆ, ನೀವಿಬ್ಬರೂ ನಿಮ್ಮ ಗ್ಯಾರೇಜಿಗೆ."

"ನಾ ಏನು ಮಾಡೇನಿ?" ಅಂತ ಕೇಳಿದೆ.

"ಸುಮ್ಮನ ಕಲಿಸಿದ್ರ ಆಗತಿತ್ತು. ಕಾಗದ ಲಾರಿ ಓಡಸತೈತೇನು ಅಂತ ನನ್ನ ತಮ್ಮನ್ನ ಹಂಗಿಸಿದ್ರಿ. ಈಗ ಓಡಿಸಿ ತೋರಸ್ತಾನ."

ಬಾಯಿ ಮುಚ್ಚಿಕೊಂಡಿದ್ದರೆ ಪಾಟಲಿ ಉಳಿಯುತ್ತಿದ್ದವು. ನನ್ನ ಬಾಯಿಗೆ ಮಾತ್ರ ಬ್ರೇಕು ಹಾಕುವ ವಿದ್ಯೆ ನನಗೆ ಬಂದಿರಲಿಲ್ಲ.

ಕನ್ಹಾನ್ ಸೇತುವೆಯ ಮೇಲೆ

ಒಂದೂವರೆ ವರ್ಷದ ಮೇಲೆ ಅವನು ಸರ್ಟಿಫಿಕೇಟಿಗೆ ಗಾಜು ಹಾಕಿಸಿಕೊಂಡು ಬಂದ. ಸೇಠ್ ಅವನನ್ನು ನನ್ನ ಕೈಕೆಳಗೆ ಅರ್ಧ ಪಗಾರಕ್ಕೆ ಇಟ್ಟುಕೊಂಡ. ದೀಪಾವಳಿಗೆ ಏಳು ತಿಂಗಳಿತ್ತು. ಆ ಅರ್ಧ ಪಗಾರದಲ್ಲಿ ಸರಾಫನ ಬಡ್ಡಿ ಅಷ್ಟೇ ಮುಟ್ಟುತ್ತಿತ್ತು.

ಏಪ್ರಿಲ್‌ನಲ್ಲಿ ಕೊನೇ ಕಿತ್ತಳೆ ತುಂಬಿದ ಲಾರಿ ಕನ್ಹಾನ್ ಸೇತುವೆಯ ನಟ್ಟನಡುವೆ ನಿಂತಿತು. ಮೇಲೆ ಸುಡು ಬಿಸಿಲು, ಹಿಂದೆ ಎತ್ತಿನ ಗಾಡಿಗಳ ಸಾಲು, ಸೇಠ್ ಪೇಟೆಯಲ್ಲಿ ಗಡಿಯಾರ ನೋಡುತ್ತ ಕೂತಿದ್ದಾನೆ. ನಾವಿಬ್ಬರೂ ಹೋದೆವು.

ಅವನು ಪುಸ್ತಕ ತೆಗೆದು ಮೊದಲನೇ ಕಲಮಿನಿಂದ ಶುರು ಮಾಡಿದ. ಪ್ಲಗ್ಗು ಬಿಚ್ಚಿದ, ಕಾರ್ಬುರೇಟರ್ ಬಿಚ್ಚಿದ, ಒರೆಸಿದ, ಕೂಡಿಸಿದ. ಒಂದು ತಾಸಾಯಿತು. ಗಾಡಿಯವರು ಬೈಗುಳದಲ್ಲಿ ಅಜ್ಜನ ತನಕ ಹೋಗಿದ್ದರು.

ನಾನು ತಲೆಯ ರುಮಾಲು ತೆಗೆದು, ಹಗ್ಗ ಕಟ್ಟಿ ನದಿಗೆ ಇಳಿಬಿಟ್ಟು ತೋಯಿಸಿ, ಎಂಜಿನ್ನಿನ ಪೆಟ್ರೋಲ್ ಪಂಪಿಗೆ ಸುತ್ತಿದೆ. ನಮ್ಮ ನಾಗಪುರದ ಬಿಸಿಲಿಗೆ ಪೆಟ್ರೋಲು ಕೊಳವೆಯಲ್ಲೇ ಕುದ್ದು ಹಬೆಯಾಗುತ್ತದೆ. ತಂಪು ಮಾಡಿದರೆ ಮುಗಿಯಿತು. ಒಂದು ಬೀಡಿ ಸೇದುವಷ್ಟರಲ್ಲಿ ಲಾರಿ ಗುರ್ ಅಂದಿತು.

"ಇದು ಯಾವ ಪಾಠದಾಗ ಐತಿ ಭಾವಾ?" ಅಂದ, ಸಣ್ಣ ಮುಖ ಮಾಡಿ.

"ಪುಸ್ತಕ ಬರದಾವ ನಾಗಪುರಕ್ಕ ಬಂದಿಲ್ಲ" ಅಂದೆ.

ಮೀಸೆ ತಿರುವಿಕೊಂಡು ಬರಿದಲೆಯಲ್ಲಿ ಪೇಟೆ ಮುಟ್ಟಿದೆ. ಲಾರಿ ತಣ್ಣಗಿತ್ತು. ನನಗೆ ಬಿಸಿಲು ಬಡಿದು ಮೂರು ದಿನ ತಲೆಗೆ ಉಳ್ಳಾಗಡ್ಡಿ ಅರೆದು ಹಚ್ಚಿದರು. ಹಚ್ಚಿದವನು ಅವನೇ, ಅದನ್ನೂ ಅಳತೆ ಮಾಡಿ.

ಆಯಿಯ ಖಂಡೆ ಪೂಜೆ

ದಸರಾ ಬಂತು. ಹಬ್ಬದ ಮರುದಿನ ಬೆಳಗ್ಗೆ ಒಬ್ಬ ಸರ್ಕಾರಿ ಸಾಹೇಬ ಬಂದು ಲಾರಿಗಳನ್ನು ನೋಡುವವನಿದ್ದ. ಒಪ್ಪಿದರೆ ಸೇಠ್‌ಗೆ ದೊಡ್ಡ ಸಾಗಾಣಿಕೆ ಗುತ್ತಿಗೆ. ಒಂದು ಲಾರಿಯ ಎಂಜಿನ್ ಬಿಚ್ಚಿಟ್ಟಿತ್ತು. ಸೇಠ್ ನಮ್ಮಿಬ್ಬರನ್ನೂ ನಿಲ್ಲಿಸಿ ಹೇಳಿದ: "ಇದು ಸ್ಟಾರ್ಟ್ ಆಗಬೇಕು. ಯಾರು ಮಾಡ್ತೀರೋ ಅವನು ಹೆಡ್ ಮಿಸ್ತ್ರಿ. ಇನ್ನೊಬ್ಬ ಅವನ ಕೈಕೆಳಗೆ."

ನಾನು ನಕ್ಕೆ. ಬಿಚ್ಚಿದವನೇ ನಾನು. ನನ್ನ ಪದ್ಧತಿ ಏನಂದರೆ, ಬಿಚ್ಚಿದ ಸಾಮಾನನ್ನು ಬಿಚ್ಚಿದ ಕ್ರಮದಲ್ಲೇ ಗೋಣಿತಟ್ಟಿನ ಮೇಲೆ ಸಾಲಾಗಿ ಇಡುವುದು. ಬಲಗಡೆಯಿಂದ ಎತ್ತುತ್ತ ಬಂದರೆ ಎಂಜಿನ್ ತಾನೇ ಕೂಡುತ್ತದೆ. ಆ ಸಾಲೇ ನನ್ನ ಪುಸ್ತಕ.

ನವಮಿಯ ದಿನ ಗ್ಯಾರೇಜಿನಲ್ಲಿ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಸೇಠ್‌ನ ತಾಯಿ, ನಾವೆಲ್ಲ ಆಯಿ ಅನ್ನುತ್ತಿದ್ದೆವು, ಆಕೆಗೆ ಭಕ್ತಿ ಬಹಳ. ಆಯುಧಗಳ ಜೊತೆ ಗೋಣಿಯ ಮೇಲಿನ ಸಾಮಾನನ್ನೂ ಹುಣಸೆಹಣ್ಣು ಹಚ್ಚಿ ತೊಳೆಸಿ, ಅರಿಷಿಣ ಕುಂಕುಮ ಏರಿಸಿ, ದೊಡ್ಡವು ಹಿಂದೆ ಸಣ್ಣವು ಮುಂದೆ, ಮದುವೆ ಫೋಟೋಕ್ಕೆ ನಿಲ್ಲಿಸಿದ ಹಾಗೆ ನಿಲ್ಲಿಸಿಬಿಟ್ಟಿದ್ದಳು.

ದಶಮಿ ಮಧ್ಯಾಹ್ನ ಕೆಲಸಕ್ಕೆ ಬಂದವನು ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದೆ. ಯಾವ ಬೋಲ್ಟು ಯಾರ ಮಗ ಅಂತ ತಿಳಿಯಲಿಲ್ಲ. ಹೆಂಡತಿಯ ತಮ್ಮ ಪುಸ್ತಕದ ಚಿತ್ರ ಬಿಡಿಸಿಟ್ಟು, ಒಂದೊಂದೇ ಎತ್ತಿ ಕೂಡಿಸುತ್ತ ಹೋದ. ಬೋಲ್ಟು ಬಿಗಿಯುವ ಪಾನಾ ನಾನು ಎತ್ತಿ ಕೊಟ್ಟೆ. ಹೌದು, ನಾನೇ ಕೊಟ್ಟೆ. ಕತ್ತಲಾಗುವ ಮೊದಲು ಅವನು ತಲೆ ಎತ್ತಿದ. "ಒಂದು ಹಲ್ಲಿನ ಚಕ್ರ ಇಲ್ಲ ಭಾವಾ. ಅದಿಲ್ಲದ ಎಂಜಿನ್ ತಿರಗೂದಿಲ್ಲ."

ಹುಡುಕಿದರೆ ಅದು ಆಯಿಯ ದೇವರ ಮಾಡದಲ್ಲಿ, ಹೂವಿನ ನಡುವೆ. ದುಂಡಗೆ ಚೆಂದ ಇತ್ತಂತೆ. "ಕೋಜಾಗಿರಿ ಹುಣ್ಣಿಮೆ ತನಕ ಕದಲಿಸೂದಿಲ್ಲ" ಅಂದಳು ಆಯಿ. ಮಗ ಕೈ ಮುಗಿದರೂ ಆಕೆ ಕೇಳಲಿಲ್ಲ. ಹುಣ್ಣಿಮೆಗೆ ಐದು ದಿನ, ಸಾಹೇಬನಿಗೆ ಒಂದು ರಾತ್ರಿ.

ಇಂಥ ಹೊತ್ತಿಗೆ ಪುಸ್ತಕದಲ್ಲಿ ಚಿತ್ರ ಇರುವುದಿಲ್ಲ ನೋಡಿ. ನಾನು ಮುಂದೆ ಹೋಗಿ ಹೇಳಿದೆ: "ಆಯಿ, ಇವತ್ತು ದಸರಾ ಅಂತ ಊರ ದೇವರೆಲ್ಲ ಪಾಲಕಿ ಏರಿ ಸೀಮೆ ದಾಟ್ಯಾರ. ನಿಮ್ಮ ಮನಿ ದೇವರೊಂದ ಮಾಡದಾಗ ಕುಂತ್ರ ಅದಕ್ಕ ಬ್ಯಾಸರ ಆಗೂದಿಲ್ಲೇನು?"

ಆಯಿ ಗಂಟೆ ತರಿಸಿದಳು. ಸ್ವಲ್ಪ ಹೊತ್ತಿಗೆ ಹಲ್ಲಿನ ಚಕ್ರ ಬೆಳ್ಳಿ ತಟ್ಟೆಯಲ್ಲಿ, ಗಂಟೆ ಬಾರಿಸಿಕೊಂಡು, ಅಂಗಳ ದಾಟಿ ಎಂಜಿನ್ನಿನೊಳಗೆ ಹೋಗಿ ಕೂತಿತು.

ಬೆಳಗ್ಗೆ ಲಾರಿ ಸ್ಟಾರ್ಟ್ ಆಯಿತು. ಸಾಹೇಬ ತಲೆದೂಗಿ ಕೇಳಿದ: "ಸರ್ಟಿಫಿಕೇಟ್ ಇದ್ದವರು ಯಾರು? ಸಹಿ ಅವರದೇ ಬೇಕು." ಹೆಂಡತಿಯ ತಮ್ಮ ಸಹಿ ಮಾಡಿದ. ಅಲ್ಲೇ ಅವನು ಹೆಡ್ ಮಿಸ್ತ್ರಿ, ಪಗಾರ ನನಗಿಂತ ಹೆಚ್ಚು. ದೇವರನ್ನೇ ನಡೆಸಿ ತಂದವನು ಅವನ ಕೈಕೆಳಗೆ.

ನನ್ನ ರಜಾ

ಮರುದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಜ್ವರ ಅಂದೆ. ಜ್ವರ ಇರಲಿಲ್ಲ, ಮೀಸೆ ಜೋತುಬಿದ್ದಿತ್ತು.

ಗುತ್ತಿಗೆಯ ನಿಯಮದಂತೆ ಪ್ರತಿ ಲಾರಿಗೂ ಹೆಡ್ ಮಿಸ್ತ್ರಿಯ ಸಹಿ ಬೀಳಬೇಕು. ಅವನು ಪೆನ್ನು ಹಿಡಿದು ಕೂತವನು ಒಂದಕ್ಕೂ ಸಹಿ ಹಾಕಲಿಲ್ಲವಂತೆ. ಎರಡನೇ ದಿನ ಸೇಠ್ ಅವನನ್ನು ಎಳೆದುಕೊಂಡೇ ನಮ್ಮ ಮನೆಗೆ ಬಂದ.

"ಹನ್ನೊಂದು ಲಾರಿ ನಿಂತಾವ ಮಿಸ್ತ್ರಿ. ಇವನ ಹತ್ತಿರ ಕಾಗದ ಇದೆ, ಸಹಿ ಮಾಡು ಅಂದರೆ ಮಾಡವಲ್ಲ."

ಹೆಂಡತಿಯ ತಮ್ಮ ನೆಲ ನೋಡುತ್ತ ಅಂದ: "ಭಾವ ಕಿವಿಗೊಟ್ಟು ಕೇಳಿ ಹೂಂ ಅಂದ ಮ್ಯಾಲೆ ನಾ ಸಹಿ ಹಾಕ್ತೀನಿ. ಕಾಗದ ನನಗ ಎಂಜಿನ್ ಕೂಡಸೂದು ಕಲಿಸೇತಿ. ಅದರ ಮಾತು ತಿಳಿಯೂದು ಇನ್ನೂ ಬಂದಿಲ್ಲ."

ಸೇಠ್ ಹಣೆ ಒರೆಸಿಕೊಂಡು ನನ್ನ ಪಗಾರವನ್ನೂ ಅವನಷ್ಟೇ ಮಾಡಿದ. ಇಬ್ಬರೂ ಹೆಡ್ ಮಿಸ್ತ್ರಿ. ಮೇಲೆ ದೀಪಾವಳಿಯ ಮುಂಗಡ. ನಾವು ಒಬ್ಬರ ಭುಜದ ಮೇಲೆ ಒಬ್ಬರು ಕೈ ಹಾಕಿಕೊಂಡು ಕೋರ್ಸಿನಿಂದ ಎಂಥ ಲಾಭ ಅಂತ ಸಂಜೆಯೆಲ್ಲ ಮಾತಾಡಿದೆವು. ಒಂದು ಫೀಗೆ ಇಬ್ಬರ ಪಗಾರ ಏರಿತು ಅಂತ ಅವನು, ಸೈಕಲ್ ತಗೋಳೂಣ ಅಂತ ನಾನು.

ಮರುದಿನ ಬೆಳಗ್ಗೆ ಎದ್ದರೆ ಒಲೆ ತಣ್ಣಗಿತ್ತು. ಚಹಾ ಇಲ್ಲ, ರೊಟ್ಟಿ ಇಲ್ಲ. ಹೆಂಡತಿ ಹೊಸ್ತಿಲ ಮೇಲೆ ಬರಿಗೈ ಮುಂದಿಟ್ಟುಕೊಂಡು ಕೂತಿದ್ದಳು.

"ಯಾಕ, ಆರಾಮ ಇಲ್ಲೇನು?" ಅಂದೆ.

"ಆರಾಮ ಅದೀನಿ. ನೀವು ಎರಡು ದಿನ ಮನ್ಯಾಗ ಕುಂತ್ರಿ, ಪಗಾರ ಏರಿತು. ಇವನೂ ಪೆನ್ನು ಕೆಳಗಿಟ್ಟು ಕುಂತ, ಕೆಲಸ ಆತು. ಫೀ ಕಟ್ಟಿದಾಕಿ ನಾನು. ಇವತ್ತಿಂದ ನಾನೂ ಕುಂತೇನಿ."

"ಅಕ್ಕಾ, ಎಲ್ಲಿ ತನಕ?" ಅಂದ ತಮ್ಮ.

ಆಕೆ ಪಾಟಲಿ ಇಲ್ಲದ ಕೈ ತಿರುಗಿಸಿ ನೋಡಿಕೊಂಡಳು, ಅಷ್ಟೇ.

ಸರಾಫ ಅಂಗಡಿಯ ಬಾಗಿಲು ತೆಗೆಯಲು ಬಂದಾಗ, ಮುಖ ತೊಳೆಯದ ಇಬ್ಬರು ಹೆಡ್ ಮಿಸ್ತ್ರಿಗಳು ಮುಂಗಡದ ದುಡ್ಡು ಹಿಡಿದು ಅವನ ಮೆಟ್ಟಿಲ ಮೇಲೆ ಕೂತು ಆಕಳಿಸುತ್ತಿದ್ದರು.