ಇಂಪೋರ್ಟ್ ಆಗದ ಪ್ರಾಜೆಕ್ಟಿನ ಉಪಚಾರ

ಪ್ರಾಜೆಕ್ಟ್ ಕೈಕೊಡುವುದಕ್ಕೆ ನಮ್ಮ ಲ್ಯಾಬಿನಲ್ಲಿ ಒಳ್ಳೆಯ ದಿನ, ಕೆಟ್ಟ ದಿನ ಅಂತ ಇಲ್ಲ. ನಾನು ಕಡೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಮಾತು ಕಡಿಮೆ. ಸುಮ್ಮನಿದ್ದರೆ ಒಪ್ಪಿಗೆ ಎಂದುಕೊಂಡು ವಿದ್ಯಾರ್ಥಿಗಳು ಮುಂದುವರಿಯುತ್ತಾರೆ.

ಈ ಸಲ ತರೀಕೆರೆಯ ಹುಡುಗ, ಅಜ್ಜಂಪುರದ ಹುಡುಗಿ ಸೇರಿ ಜಾವಾದಲ್ಲಿ ಒಂದು ಪ್ರಾಜೆಕ್ಟ್ ಬರೆದಿದ್ದರು. ಒಂದು ದೊಡ್ಡ ಫೋಲ್ಡರ್, ಅದರೊಳಗೆ ಒಬ್ಬೊಬ್ಬರು ಬರೆದ ಭಾಗಗಳು, ಅಂದರೆ ಮಾಡ್ಯೂಲ್‌ಗಳು. ಹೊರಗಿನಿಂದ ಬರುವ ಪರೀಕ್ಷಕರ ಮುಂದೆ ಅದು ಲ್ಯಾಬ್ ಕಂಪ್ಯೂಟರಿನಲ್ಲಿ ಕೋಡ್ ಓಡಿಸುವ ತಂತ್ರಾಂಶವಾದ ಐಡಿಇಗೆ ಇಂಪೋರ್ಟ್ ಆಗಿ ಓಡಬೇಕು. ಓಡದಿದ್ದರೆ ಇಬ್ಬರೂ ಫೇಲ್.

ಕೆಂಪು ಗೆರೆ

ಮೊದಲ ಸಲ ಹುಡುಗ ದೊಡ್ಡ ಫೋಲ್ಡರ್ ಬಿಟ್ಟು ಒಳಗಿನದನ್ನು ಒಂದೊಂದಾಗಿ ಇಂಪೋರ್ಟ್ ಮಾಡಿದ. ಒಂದಕ್ಕೆ ಇನ್ನೊಂದು ಸಿಗದೆ ಪರದೆ ತುಂಬ ತಪ್ಪು ತೋರಿಸುವ ಕೆಂಪು ಗೆರೆ. ಹೇಗೆ ಹೇಳಲಿ ಎಂದು ನಾನು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅವನು, “ಮಿಸ್, ಕೆಂಪೆಲ್ಲ ಹೋಯ್ತು!” ಅಂದ.

ನೋಡಿದರೆ ಹುಡುಗಿಯ ಮಾಡ್ಯೂಲೇ ಇಲ್ಲ.

“ಅವಳದ್ರಲ್ಲೇ ಮಿಸ್ ಕೆಂಪಿದ್ದಿದ್ದು. ಡಿಲೀಟ್ ಮಾಡ್ಬಿಟ್ಟೆ.”

“ಲೇ, ತಲೆನೋವು ಬಂದ್ರೆ ತಲೇನೇ ತೆಗಿಸ್ಬಿಡ್ತೀಯೇನೋ?” ಹುಡುಗಿ ಪೆನ್‌ಡ್ರೈವ್ ಹುಡುಕುತ್ತಾ ಕೇಳಿದಳು.

ಅವನು ಸ್ವಲ್ಪ ಯೋಚಿಸಿ, “ನೋವಂತೂ ಹೋಗುತ್ತೆ ಕಣೇ,” ಅಂದ.

ರೈಲಿನಲ್ಲಿ ಡೌನ್‌ಲೋಡ್

ಪೆನ್‌ಡ್ರೈವಿನಲ್ಲಿ ಇನ್ನೊಂದು ಕಾಪಿ ಇತ್ತು. ದೊಡ್ಡ ಫೋಲ್ಡರನ್ನೇ ಇಂಪೋರ್ಟ್ ಮಾಡಿ ಅಂದೆ. ಹಾಗೆ ಮಾಡಿದರೆ ಅದಕ್ಕೆ ಬೇಕಾದ ಸಿದ್ಧ ಕೋಡಿನ ಲೈಬ್ರರಿಗಳೆಲ್ಲ ಇಂಟರ್‌ನೆಟ್‌ನಿಂದ ಇಳಿಯಬೇಕು. ಸಂಜೆ ನಾನೂ ಹುಡುಗಿಯೂ ಬೀರೂರಿಗೆ ಹೋಗಿ ಅಜ್ಜಂಪುರದ ರೈಲು ಹತ್ತಿದೆವು. ನನ್ನ ಊರೂ ಅದೇ. ಮೊದಲು ತನ್ನದರಲ್ಲಿ ಓಡಿಸಿ ನೋಡಲೆಂದು ಹುಡುಗಿ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಶುರು ಮಾಡಿದಳು. ಡೇಟಾ ಖಾಲಿಯಾಯಿತು. ಎದುರು ಕೂತಿದ್ದ ಯಜಮಾನರೊಬ್ಬರು ಹಾಟ್‌ಸ್ಪಾಟ್ ಕೊಟ್ಟರು. ಅರ್ಧ ಇಳಿಯುವಷ್ಟರಲ್ಲಿ ಅವರ ಊರೇ ಬಂದುಬಿಟ್ಟಿತು.

ಪ್ಲಾಟ್‌ಫಾರಂನಿಂದ ಕಿಟಕಿಗೆ ಬಗ್ಗಿ, “ಅರ್ಧಕ್ಕೆ ಬಿಡ್ಬಾರ್ದು ಕಣಮ್ಮಾ. ಇಳ್ಕೊಳ್ಳಿ ಇಬ್ರೂವೆ. ನಮ್ಮನೇಲಿ ಊಟ ಮಾಡ್ಕಂಡು, ಅದನ್ನೂ ಮುಗಿಸ್ಕಂಡು ಹೋಗೀರಂತೆ,” ಅಂದರು.

ಬೇಡ ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಇವಳು ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ರೈಲು ಹೊರಟಿತು, ಬಚಾವಾದೆ.

ಇನ್ನೊಂಚೂರು

ಪರೀಕ್ಷೆಯ ದಿನ ಲ್ಯಾಬ್ ಕಂಪ್ಯೂಟರಿನಲ್ಲಿ ಮತ್ತೆ ಮೊದಲಿನಿಂದ. ಈ ಸಲ ಎಲ್ಲ ಸರಿಯಾಗಿಯೇ ಮಾಡಿದ್ದರು. ಆದರೆ ನೆಟ್ ನಿಧಾನ, ಡೌನ್‌ಲೋಡ್ ತೆವಳುತ್ತಿತ್ತು. ಪಕ್ಕದ ಕೋಣೆಯಲ್ಲಿ ಪರೀಕ್ಷಕರು ಉಪ್ಪಿಟ್ಟು ತಿನ್ನುತ್ತಿದ್ದರು. ತಟ್ಟೆ ಖಾಲಿಯಾದರೆ ಎದ್ದು ಇಲ್ಲಿಗೇ ಬರುತ್ತಾರೆ.

ಹುಡುಗ ಹೋಗಿ ಸೌಟು ಹಿಡಿದ.

“ಇನ್ನೊಂಚೂರು ಸಾರ್.”

“ಸಾಕಪ್ಪಾ.”

“ನಮ್ ಕಡೆ ಒಂದೇ ಸಲ ಬಡಿಸಿ ಕಳ್ಸಿದ್ರೆ ಬೈತಾರೆ ಸಾರ್.”

ತಟ್ಟೆಗೆ ಅಡ್ಡ ಹಿಡಿದ ಬೆರಳುಗಳ ಸಂದಿಯಲ್ಲೇ ಉಪ್ಪಿಟ್ಟು ಬಿತ್ತು. ಹುಡುಗಿ ಬಾಗಿಲಲ್ಲಿ ನಿಂತು ಪರದೆ ನೋಡುವುದು, ಇನ್ನೂ ಇಲ್ಲ ಎಂದು ತಲೆಯಾಡಿಸುವುದು. ಅವಳು ತಲೆಯಾಡಿಸಿದಾಗಲೆಲ್ಲ ಇವನು ಕೇಸರಿಬಾತು ಹಾಕುವುದು. ನಾನೂ ಒಂದು ಬಾಳೆಹಣ್ಣು ತಂದಿಟ್ಟೆ.

ಕೊನೆಗೆ, ಓಡುತ್ತಿದೆ ಎಂದು ಹುಡುಗಿ ಬಾಗಿಲಿನಿಂದ ಸನ್ನೆ ಮಾಡಿದಳು. ಹುಡುಗ ಸೌಟು ಕೆಳಗಿಟ್ಟ.

ಪರೀಕ್ಷಕರು ತಟ್ಟೆಯಿಂದ ತಲೆಯೆತ್ತದೆ, “ಇಂಪೋರ್ಟ್ ಆಯ್ತೇನಪ್ಪಾ? ಹಂಗಾದ್ರೆ ನಾನಿನ್ನು ಕೈ ತೊಳೀಬಹುದಾ?” ಅಂದರು.