ಅವರೆಕಾಯಿ ತರಲು ಹೋಗಿ ಮಕ್ಕಳ ಕಳ್ಳನಾದದ್ದು

ನಾನು ಸ್ವಭಾವತಃ ಪುಕ್ಕಲ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಹಿಂದೆಲ್ಲ ನನ್ನ ಭಯಗಳಿಗೊಂದು ಮಿತಿಯಿತ್ತು. ಬೀದಿನಾಯಿ, ಹಲ್ಲಿನ ಡಾಕ್ಟರು ಮತ್ತು ನನ್ನ ಮಾವ, ಇಷ್ಟೇ. ಇವರೆಲ್ಲ ಎಲ್ಲಿರುತ್ತಾರೆಂದು ಗೊತ್ತಿದ್ದುದರಿಂದ ಆ ದಾರಿ ಬಿಟ್ಟು ಓಡಾಡಿದರೆ ಸಾಕಾಗಿತ್ತು. ಮೊಬೈಲು ಬಂದ ಮೇಲೆ ಭಯವೇ ನಾನಿದ್ದಲ್ಲಿಗೆ ಬರತೊಡಗಿತು. ರಾಮನಗರದ ನಮ್ಮ ಬಡಾವಣೆಗೆ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಇದೆ. ಅದರಲ್ಲಿ ಒಮ್ಮೆ, ನೀರಿನ ಟ್ಯಾಂಕಿನ ಹತ್ತಿರ ಈಗತಾನೇ ಕಂಡದ್ದು ಎಂಬ ಒಕ್ಕಣೆಯೊಂದಿಗೆ ಚಿರತೆಯ ಫೋಟೋ ಬಂತು. ನಾನು ಸಂಜೆಯ ವಾಕಿಂಗ್ ಬಿಟ್ಟು ಮನೆಯೊಳಗೇ ಸೋಫಾವನ್ನು ಪ್ರದಕ್ಷಿಣೆ ಹಾಕತೊಡಗಿದೆ. ಕೆಲವು ದಿನಗಳಾದ ಮೇಲೆ ನನ್ನ ಹೆಂಡತಿ ಮಂಗಳಾ ಫೋಟೋವನ್ನು ಹಿಗ್ಗಿಸಿ ನೋಡಿ, ಚಿರತೆಯ ಹಿಂದೆ ಹಿಮ ಬಿದ್ದಿದೆಯಲ್ಲ, ನಮ್ಮ ಟ್ಯಾಂಕಿನ ಹತ್ತಿರ ಹಿಮ ಯಾವಾಗ ಬಿತ್ತು ಎಂದು ಕೇಳಿದಳು. ಸರಿ, ಇನ್ನು ಇದನ್ನೆಲ್ಲ ನಂಬಬಾರದು ಎಂದುಕೊಂಡೆ. ಅದಾಗಿ ಸ್ವಲ್ಪ ಕಾಲಕ್ಕೆ ಅದೇ ಗ್ರೂಪಿನಲ್ಲಿ ಬಂದ ಇನ್ನೊಂದು ಚಿರತೆ ನಿಜವಾದದ್ದೇ ಆಗಿತ್ತು. ಸುದ್ದಿ ನೋಡಿ ಎಲ್ಲರೂ ಬಾಗಿಲು ಹಾಕಿಕೊಂಡದ್ದರಿಂದ ಅದು ಒಂದು ನಾಯಿಯನ್ನಷ್ಟೇ ಹೊತ್ತುಕೊಂಡು ಹೋಯಿತು. ಹೀಗಾಗಿ ಈಗ ನಂಬಿದರೂ ಭಯ, ನಂಬದಿದ್ದರೂ ಭಯ.

ಮಂಗಳಾಗೆ ಇಂಥ ತಾಪತ್ರಯವಿಲ್ಲ. ಅವಳು ಅಡುಗೆಯ ವಿಡಿಯೋ ಮಾಡಿ ಹಾಕುತ್ತಾಳೆ. ಎಲ್ಲೆಲ್ಲಿಯೋ ಇರುವ ಹೆಂಗಸರು ಅವಳನ್ನು ಅಕ್ಕಾ ಎಂದು ಕರೆದು ಉಪ್ಸಾರಿನ ಖಾರಕ್ಕೆ ಎಷ್ಟು ಬೆಳ್ಳುಳ್ಳಿ ಎಂದು ಕೇಳುತ್ತಾರೆ. ನಾನು ಕಾಲೇಜೊಂದರಲ್ಲಿ ಗ್ರಂಥಪಾಲಕ. ಬೇರೆಯವರ ಮಾತು ನಿಲ್ಲಿಸುವುದೇ ನನ್ನ ಉದ್ಯೋಗವಾದ್ದರಿಂದ ನನ್ನ ದನಿ ಬಹಳ ಮೆತ್ತಗೆ. ಅವಳ ವಿಡಿಯೋಗಳಲ್ಲಿ ನನ್ನದು ಎರಡೇ ಕೆಲಸ: ಮೊಬೈಲು ಹಿಡಿಯುವುದು, ಕೊನೆಯಲ್ಲಿ ಒಂದು ಚಮಚ ರುಚಿ ನೋಡಿ ‘ಉಪ್ಪು ಸರಿಯಾಗಿದೆ’ ಎನ್ನುವುದು. ನನ್ನ ಕೈ ಮತ್ತು ದನಿಗಷ್ಟೇ ಅಲ್ಲಿ ಪ್ರವೇಶ. ಮುಖ ತೋರಿಸಿದರೆ ನೋಡುವವರಿಗೆ ಹಸಿವು ಹೋಗುತ್ತದೆಂದು ಅವಳ ಅಭಿಪ್ರಾಯ.

ಕಳೆದ ಚಳಿಗಾಲದಲ್ಲಿ ಹಿತಕಿದ ಬೇಳೆ ಸಾರಿನ ವಿಡಿಯೋ ಮಾಡಬೇಕೆಂದು ಅವಳಿಗೆ ಅನ್ನಿಸಿತು. ಅದಕ್ಕೆ ಮಾಗಡಿ ಕಡೆಯ ಅವರೆಕಾಯಿಯೇ ಆಗಬೇಕು, ಅದೂ ಹೊಲದಿಂದಲೇ ಕಿತ್ತು ತಂದದ್ದಾಗಬೇಕು, ಸೊಗಡು ಬೆರಳಿಗೆ ಅಂಟಬೇಕು ಎಂದಳು. ಒಂದು ಭಾನುವಾರ ಬೆಳಿಗ್ಗೆ ನಾನು ಸ್ವೆಟರು ಹಾಕಿಕೊಂಡು, ಮಂಕಿ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು, ಸ್ಕೂಟರಿನ ಮುಂದೆ ದೊಡ್ಡದೊಂದು ಗೋಣಿಚೀಲ ಇಟ್ಟುಕೊಂಡು ಹೊರಟೆ. ಆ ಸೀಮೆಯ ಮೊಬೈಲುಗಳಲ್ಲಿ ಆಗ ಓಡಾಡುತ್ತಿದ್ದ ಸುದ್ದಿಯೊಂದು ನನಗೆ ಮಾತ್ರ ತಲುಪಿರಲಿಲ್ಲ. ಮಕ್ಕಳ ಕಳ್ಳರು ಬಂದಿದ್ದಾರೆ, ಮುಖ ಮುಚ್ಚುವ ಟೋಪಿ ಹಾಕಿರುತ್ತಾರೆ, ಮನೆಯಲ್ಲಿ ಯಾರಿದ್ದಾರೆಂದು ಮಕ್ಕಳನ್ನು ಕೇಳುತ್ತಾರೆ, ಮಿಠಾಯಿ ಕೊಡುತ್ತಾರೆ, ಗೋಣಿಚೀಲದಲ್ಲಿ ತುಂಬಿಕೊಂಡು ಹೋಗುತ್ತಾರೆ ಎಂದು ಯಾರೋ ಗದ್ಗದ ದನಿಯಲ್ಲಿ ಹೇಳಿ ಕಳಿಸಿದ್ದರಂತೆ.

ಮಾಗಡಿ ದಾಟಿ ಒಂದು ಹಳ್ಳಿಯ ತಿರುವಿನಲ್ಲಿ ಅವರೆ ಹೊಲ ಕಂಡಿತು. ಪಕ್ಕದ ಮನೆಯ ಮುಂದೆ ಪುಟ್ಟ ಹುಡುಗಿಯೊಬ್ಬಳು ಆಡುತ್ತಿದ್ದಳು. ಸ್ಕೂಟರು ನಿಲ್ಲಿಸಿ, ಚೀಲ ಹೆಗಲಿಗೆ ಹಾಕಿಕೊಂಡು, ಮನೆಯಲ್ಲಿ ಯಾರಿದ್ದಾರೆ ಪುಟ್ಟಿ ಎಂದು ಕೇಳಿದೆ. ಯಾರೂ ಇಲ್ಲ ಎಂದಳು. ಪಾಪ ಎನ್ನಿಸಿ ಜೇಬಿನಲ್ಲಿದ್ದ ಕಡಲೆಮಿಠಾಯಿ ಕೊಟ್ಟೆ. ಅವಳು ಮಿಠಾಯಿ ನೋಡಿದಳು, ಚೀಲ ನೋಡಿದಳು, ಕಿಟಾರನೆ ಕಿರುಚಿದಳು. ಲೋಕದ ವಿದ್ಯಮಾನ ಅವಳಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು.

ಹೊಲದಿಂದ ಮೊದಲು ಒಬ್ಬಿಬ್ಬರು ಬಂದರು. ಆಮೇಲೆ ಊರೇ ಬಂತು. ಯಾರೋ ಸ್ಕೂಟರಿನ ಕೀ ಕಿತ್ತುಕೊಂಡರು, ಇನ್ಯಾರೋ ನನ್ನ ಮೊಬೈಲು ಕಿತ್ತುಕೊಂಡರು. ಕೆಂಪಣ್ಣ ಎಂದು ಎಲ್ಲರೂ ಕರೆಯುತ್ತಿದ್ದ ಎತ್ತರದ ಆಳೊಬ್ಬ ಮುಂದೆ ಬಂದು ಕೇಳಿದ: “ನಿಂದ್ಯಾವೂರ್ಲಾ?”

ರಾಮನಗರ, ಅವರೆಕಾಯಿಗೆ ಬಂದೆ ಎಂದೆ.

“ರಾಮನಗರ್ದಲ್ಲಿ ಅವರೆಕಾಯಿ ಸಿಕ್ಕಕಿಲ್ವಾ?”

ಬೆಳಿಗ್ಗೆ ಇದೇ ಪ್ರಶ್ನೆಯನ್ನು ನಾನು ಮಂಗಳಾಗೆ ಕೇಳಿದ್ದೆ. ಉತ್ತರವಾಗಿ ಅವಳು ಗೋಣಿಚೀಲ ಕೈಗಿಟ್ಟಿದ್ದಳು. ಯುವಕನೊಬ್ಬ ನನ್ನ ಟೋಪಿ ಕಿತ್ತು, ಮೊಬೈಲಿನಲ್ಲಿ ಬಂದಿದ್ದ ಕಳ್ಳನ ಫೋಟೋವನ್ನು ನನ್ನ ಮುಖದ ಪಕ್ಕ ಹಿಡಿದ. ಫೋಟೋದವನಿಗೆ ದಪ್ಪ ಮೀಸೆಯಿತ್ತು, ನನಗೆ ಇಲ್ಲ. ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಅವನು, “ಮೀಸೆ ಬೋಳಿಸ್ಬುಟ್ಟವ್ನೆ” ಎಂದು ತೀರ್ಪು ಕೊಟ್ಟ. ಪೊಲೀಸರನ್ನು ಕರೆಯಿರಿ ಎಂದು ಬೇಡಿಕೊಂಡೆ. ಕರೆದರೆ ಬಿಟ್ಟುಬಿಡುತ್ತಾರಂತೆ, ಅದಕ್ಕೂ ಒಂದು ಮೆಸೇಜು ಬಂದಿತ್ತಂತೆ. ಹಗ್ಗ ತರಲು ಒಬ್ಬ ಓಡಿದ.

ಅಲ್ಲಿಯವರೆಗೆ ನಾನು ಭಯ ಎಂದುಕೊಂಡಿದ್ದದ್ದು ಭಯವೇ ಅಲ್ಲ. ಸುತ್ತಲಿದ್ದವರ ಮುಖ ನೋಡಿದೆ. ಯಾರೂ ಕೆಟ್ಟವರಂತೆ ಕಾಣಲಿಲ್ಲ. ದೊಣ್ಣೆ ಹಿಡಿದಿದ್ದವನ ಕೈ ನನ್ನ ಕೈಯಂತೆಯೇ ನಡುಗುತ್ತಿತ್ತು. ನನ್ನನ್ನು ಹೆಚ್ಚು ಹೆದರಿಸಿದ್ದು ಅದೇ. ಸಿಟ್ಟಾದವರ ಕೈಕಾಲು ಹಿಡಿಯಬಹುದು, ಹೆದರಿದವರು ಏನು ಮಾಡುತ್ತಾರೋ ಅವರಿಗೇ ಗೊತ್ತಿರುವುದಿಲ್ಲ.

ಅಷ್ಟರಲ್ಲಿ ಹುಡುಗಿಯ ತಾಯಿ ದೂರದ ಹೊಲದಿಂದ ಕುಡುಗೋಲು ಹಿಡಿದೇ ಓಡಿಬಂದಳು. ಮಗಳನ್ನು ಬಾಚಿ ತಬ್ಬಿಕೊಂಡು, ಮೈಯೆಲ್ಲ ತಡವಿ ನೋಡಿ, ಆಮೇಲೆ ನನ್ನ ಕಡೆ ತಿರುಗಿದಳು. ನಾನು ಇದ್ದಬದ್ದ ಉಸಿರು ಒಟ್ಟುಮಾಡಿ, ಮಗುವನ್ನು ಮುಟ್ಟಿಲ್ಲ ತಾಯಿ, ಅವರೆಕಾಯಿ ಕೇಳಿದೆ ಅಷ್ಟೇ ಎಂದೆ. ಅವಳು ನಿಂತಳು.

“ಒಸಿ ತಡಿ ಕೆಂಪಣ್ಣ. ಈ ದನಿ ನಾನ್ ಕೇಳಿವ್ನಿ. ಅಡ್ಗೆ ಮಂಗಳಕ್ಕನ ಯಜಮಾನ್ರು ಇದ್ದಂಗವ್ರೆ.”

ಕೆಂಪಣ್ಣನಿಗೆ ಮಂಗಳಕ್ಕ ಯಾರೆಂದು ಗೊತ್ತಿರಲಿಲ್ಲ. ಅವನು ಮೊನ್ನೆ ಉಂಡು ಹೊಗಳಿದ ಉಪ್ಸಾರು ಅವಳು ತೋರಿಸಿಕೊಟ್ಟದ್ದೇ ಎಂದು ತಾಯಿ ವಿವರಿಸಿದಳು. ಕೊನೆಗೆ ಆಕೆಯ ಗಂಡ ಉಪ್ಪು ನೋಡಿ ಹೇಳುವುದನ್ನೂ ತಿಳಿಸಿದಳು. ಕೆಂಪಣ್ಣ, “ಅಂಗಾದ್ರೆ ಅದ್ನೇ ಯೋಳ್ಸು, ನೋಡಾನ” ಎಂದ.

ನಾನು ಬಾಯಿ ತೆರೆದೆ. ಇಲಿ ಕೀಚಲಿಟ್ಟಂಥ ಸದ್ದೊಂದು ಹೊರಟಿತು. ಇದು ಅದಲ್ಲ ಎಂದ ಯುವಕ. ಹಗ್ಗ ಬಂದು ತಲುಪಿತ್ತು. ತಾಯಿ ಒಳಗಿನಿಂದ ಒಂದು ಚೊಂಬು ನೀರು ತಂದುಕೊಟ್ಟು, “ಎದುರ್ಕೋಬ್ಯಾಡಿ ಸಾ. ಸಾರು ಬಾಯ್ಗ್ ಆಕ್ಕಂಡೋರಂಗೆ ಯೋಳಿ” ಎಂದಳು. ನೀರು ಕುಡಿದು ಕಣ್ಣು ಮುಚ್ಚಿದೆ. ಸೌಟು ಹಿಡಿದು ನನ್ನ ಮುಖವನ್ನೇ ದಿಟ್ಟಿಸುವ ಮಂಗಳಾ ಕಣ್ಣೆದುರು ಬಂದಳು. ದೊಡ್ಡ ಭಯದ ಮುಂದೆ ಈ ದಿನನಿತ್ಯದ ಭಯ ಎಷ್ಟೋ ಹಿತವಾಗಿತ್ತು. “ಉಪ್ಪು ಸರಿಯಾಗಿದೆ” ಎಂದೆ.

“ಇವ್ರೇಯ” ಎಂದಳು ತಾಯಿ. ಕುಡುಗೋಲು ಕೆಳಗಿಟ್ಟು ಕುಳಿತು ಗಳಗಳನೆ ಅತ್ತಳು. ನನಗೂ ಅಳು ಬಂತು. ಕೆಂಪಣ್ಣ ಕೀ, ಟೋಪಿ, ಮೊಬೈಲು ಎಲ್ಲ ವಾಪಸು ಕೊಟ್ಟು, ತಪ್ಪು ತಿಳಿಯಬೇಡಿ ಎಂದ. ಆಮೇಲೆ ಹತ್ತಿರ ಬಂದು, ದಿನಾ ಉಪ್ಪು ಸರಿಯಾಗೇ ಇರುತ್ತದೆಯೇ ಎಂದು ಮೆಲ್ಲಗೆ ಕೇಳಿದ. ಈಗತಾನೇ ಒಂದು ಗಂಡಾಂತರದಿಂದ ಪಾರಾಗಿದ್ದೇನೆ, ಇನ್ನೊಂದು ಬೇಡ ಎಂದೆ. ಖಾತ್ರಿಗಾಗಿ ಅವರು ಮಂಗಳಾಗೆ ವಿಡಿಯೋ ಕಾಲ್ ಮಾಡಿದರು. ಊರ ಮಧ್ಯೆ ಬೆವೆತು ನಿಂತಿದ್ದ ನನ್ನನ್ನು ನೋಡಿ ಅವಳು ಮೊದಲು ಕೇಳಿದ್ದು, “ಸೊಗಡಿದೆಯಾ ಅಂತ ಮೂಸಿ ನೋಡಿದ್ರೇನ್ರೀ?”

ಚೀಲವನ್ನು ಊರವರೇ ತುಂಬಿಸಿ ಕಳಿಸಿದರು. ಆದರೆ ಯಾರೋ ನನ್ನ ವಿಡಿಯೋ ಮಾಡಿದ್ದರು. ನಾನು ಟೋಪಿ ಕಳಚಿಸಿಕೊಂಡು ನಡುಗುತ್ತಿದ್ದ ಭಾಗ, ಮಕ್ಕಳ ಕಳ್ಳ ಸಿಕ್ಕಿಬಿದ್ದ ಎಂಬ ಹೆಸರಿನಲ್ಲಿ ನನಗಿಂತ ಮೊದಲೇ ರಾಮನಗರ ತಲುಪಿತ್ತು. ಉಪ್ಪಿನ ಭಾಗ ಯಾರಿಗೂ ಬೇಕಾಗಿರಲಿಲ್ಲ. ಚನ್ನಪಟ್ಟಣದ ನನ್ನ ಭಾಮೈದ ಕಳ್ಳನ ವಿಡಿಯೋವನ್ನು ತೆರೆದೂ ನೋಡದೆ ನನಗೇ ಕಳಿಸಿ, ಇಂಥವನು ಕಂಡರೆ ಹುಷಾರು ಭಾವ ಎಂದು ಬರೆದಿದ್ದ. ಆ ವಿಡಿಯೋ ಕನಕಪುರದ ಕಡೆ ಹೋಗಿ ಬರುವಷ್ಟರಲ್ಲಿ ಘಟನೆ ನಡೆದದ್ದು ಅಲ್ಲಿನ ಉಯ್ಯಂಬಳ್ಳಿಯಲ್ಲಿ ಎಂದಾಗಿತ್ತು. ನಾನು ಉಯ್ಯಂಬಳ್ಳಿಯನ್ನು ಇವತ್ತಿಗೂ ನೋಡಿಲ್ಲ. ಹುಡುಗಿಯ ತಾಯಿ ತಾನೇ ವಿಡಿಯೋ ಮಾಡಿ, ನಡೆದದ್ದನ್ನು ನಡೆದಂತೆ ಹೇಳಿದಳು. ಮಂಗಳಾಳ ಬಳಗದ ಹೆಂಗಸರು ಅದನ್ನು ಹಂಚಿ ಹಂಚಿ ನನ್ನ ಮಾನ ಅರ್ಧದಷ್ಟು ಉಳಿಸಿದರು. ಉಳಿದರ್ಧ ಈಗಲೂ ಯಾರ್ಯಾರದೋ ಮೊಬೈಲಿನಲ್ಲಿ ತಿರುಗುತ್ತಿದೆ.

ಅಂದಿನಿಂದ ಮಕ್ಕಳನ್ನು ಕಂಡರೆ ನಾನು ರಸ್ತೆ ದಾಟುತ್ತೇನೆ. ಮೊನ್ನೆ ಪಕ್ಕದ ಮನೆಯ ಮಗುವಿನ ಚೆಂಡು ನಮ್ಮ ಕಾಂಪೌಂಡಿಗೆ ಬಿತ್ತು. ಮಗು ಗೇಟಿನಲ್ಲಿ ನಿಂತು, ಅಂಕಲ್ ಬಾಲ್ ಕೊಡಿ ಎಂದಿತು. ನಾನು ಒಳಗೋಡಿ ಚಿಲಕ ಹಾಕಿಕೊಂಡು, ಮಂಗಳಾ, ಬೇಗ ಬಾ, ಮಗು ಬಂದಿದೆ ಎಂದು ಕೂಗಿದೆ. ಅವಳು ಹಿತ್ತಲ ಬಾಗಿಲಿನಿಂದ ಹೋಗಿ ಚೆಂಡು ಕೊಟ್ಟಳು. ಕಿಟಕಿಯಿಂದ ಕೇಳಿಸಿತು, ಮಗು ಆಚೆ ಅಂಗಳದಲ್ಲಿದ್ದ ತನ್ನ ತಾಯಿಗೆ ಹೇಳುತ್ತಿತ್ತು: “ಅಮ್ಮಾ, ಆ ಅಂಕಲ್‌ಗೆ ನನ್ನ ಕಂಡ್ರೆ ಭಯ.” ದೊಡ್ಡವರ ಬಗ್ಗೆ ಹಾಗೆಲ್ಲ ಸುಳ್ಳು ಹೇಳಬಾರದೆಂದು ತಾಯಿ ಗದರಿಸಿದರು. ನನಗೆ ಅಯ್ಯೋ ಎನ್ನಿಸಿತು. ನನ್ನ ಬಗ್ಗೆ ಹರಡಿದ ಅಷ್ಟೂ ಸುದ್ದಿಗಳಲ್ಲಿ ಪೂರ್ತಿ ನಿಜವಾದದ್ದು ಇದೊಂದೇ, ಮಗುವನ್ನು ಬೈಯಬೇಡಿ ಎಂದು ಹೇಳಿಬರೋಣವೆಂದು ಚಿಲಕಕ್ಕೆ ಕೈಹಾಕಿದೆ. ಆದರೆ ಮಗು ಇನ್ನೂ ಗೇಟಿನಲ್ಲೇ ನಿಂತಿತ್ತು.